ಸರಸ್ವತಿಪುರಂನ ಇಟಾಲಿಯನ್ ಕ್ರಿಯಾಪದ ಕ್ಲಾಸು: ಕನ್ನಡದಲ್ಲೇ ಕಲಿಸುತ್ತಾರೆ, ಧೈರ್ಯವಾಗಿ ಸೇರಿಕೊಳ್ಳಿ

ಇಟಾಲಿಯನ್ ಕಲಿಯುವ ಆಸೆ ಇದೆ, ಆದರೆ ಕ್ರಿಯಾಪದಗಳ ಪಟ್ಟಿ ನೋಡಿದರೆ ತಲೆ ಸುತ್ತುತ್ತದೆ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೈಸೂರಿನ ಸರಸ್ವತಿಪುರಂನಲ್ಲಿ, ಫೈರ್ ಬ್ರಿಗೇಡ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಬ್ಬ ಮೇಡಂ ತಮ್ಮ ಮನೆ ಮಹಡಿಯಲ್ಲಿ ಈ ಕ್ಲಾಸು ನಡೆಸುತ್ತಾರೆ. ಬೋರ್ಡು ಹಾಕಿಲ್ಲ. ಕಲಿತವರು ಇನ್ನೊಬ್ಬರಿಗೆ ಹೇಳಿ, ಅವರು ಬರುವುದು, ಅಷ್ಟೇ. ಪೂರ್ತಿ ಭಾಷೆ ಕಲಿಸುವ ಬ್ಯಾಚು ಬೇರೆ ಇದೆ. ನಾನು ಸೇರಿದ್ದು ಬರೀ ಕ್ರಿಯಾಪದದ ಬ್ಯಾಚಿಗೆ. ಅದರಲ್ಲೂ ನಿಯಮ ಬಿಟ್ಟು ಹೋಗದ ಕ್ರಿಯಾಪದಗಳು ಮಾತ್ರ. ಫೀಸು 5,000 ರೂಪಾಯಿ, ಹಾಳೆಗಳೆಲ್ಲ ಅದರಲ್ಲೇ ಬರುತ್ತವೆ.

ನನಗೆ ಯಾಕೆ ಇಟಾಲಿಯನ್ ಅಂದರೆ, ಗೋಕುಲಂನಲ್ಲಿ ನಮ್ಮ ಮನೆಯ ಮೇಲಿನ ರೂಮುಗಳನ್ನು ಯೋಗ ಕಲಿಯಲು ಬರುವವರಿಗೆ ಬಾಡಿಗೆಗೆ ಕೊಡುತ್ತೇವೆ. ಅಷ್ಟಾಂಗ ಯೋಗಕ್ಕೆ ಅಂತ ಈ ಬಡಾವಣೆಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಮ್ಮಲ್ಲಿ ಇಟಲಿಯವರೇ ಜಾಸ್ತಿ. ಮನೆಗೆ ಬಂದವರ ಹತ್ತಿರ ಅವರ ಭಾಷೆಯಲ್ಲಿ ನಾಲ್ಕು ಮಾತಾಡಬೇಕು ಅಂತ ನನಗೆ ತುಂಬಾ ದಿನದ ಆಸೆ.

ಮೊದಲು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೆ. ಅದು ಎಲ್ಲವನ್ನೂ ಇಂಗ್ಲಿಷ್ ಮೂಲಕ ಕಲಿಸುತ್ತದೆ. ಇಂಗ್ಲಿಷಿನಲ್ಲಿ ನೀನು ಅನ್ನಲಿಕ್ಕೂ ನೀವು ಅನ್ನಲಿಕ್ಕೂ ಒಂದೇ ‘ಯು’. ಇಟಾಲಿಯನ್‌ನಲ್ಲಿ ಸಲಿಗೆಯವರಿಗೆ ‘ತು’, ಗೌರವ ಕೊಡಬೇಕಾದವರಿಗೆ ‘ಲೇಯಿ’, ಹಲವರಿಗೆ ‘ವೋಯಿ’. ಮೂರಕ್ಕೂ ಕ್ರಿಯಾಪದದ ಕೊನೆ ಬೇರೆ ಬೇರೆ. ಆ್ಯಪ್ ಇಂಗ್ಲಿಷಿನಲ್ಲಿ ಒಂದೇ ಥರ ಕೇಳುತ್ತಿತ್ತು, ಅದರ ಮನಸ್ಸಿನಲ್ಲಿರುವ ಉತ್ತರ ಬರದಿದ್ದರೆ ಕೆಂಪು ಬಣ್ಣ ತೋರಿಸುತ್ತಿತ್ತು. ಯಾಕೆ ಅಂತ ಹೇಳುತ್ತಿರಲಿಲ್ಲ.

ಮೇಡಂ ಶುರು ಮಾಡುವುದೇ ಈ ಜಾಗದಿಂದ. ಕನ್ನಡದವರಿಗೆ ಕ್ರಿಯಾಪದದ ಕೊನೆ ಬದಲಾಗುವುದು ಹೊಸದಲ್ಲ. ‘ಬರುತ್ತೇನೆ’ ಅಂದರೆ ಬರುವವರು ಯಾರು ಅಂತ ಅದರಲ್ಲೇ ಇದೆ, ‘ನಾನು’ ಅಂತ ಬೇರೆ ಹೇಳಬೇಕಿಲ್ಲ. ಇಟಾಲಿಯನ್ನೂ ಹಾಗೇ. ‘ಪಾರ್ಲೊ’ ಅಂದರೆ ‘ಮಾತಾಡುತ್ತೇನೆ’. ‘ಇಯೊ’ ಅನ್ನುವ ‘ನಾನು’ ಸುಮ್ನೆ ಸೇರಿಸಬೇಕಾಗಿಲ್ಲ.

ಎಲ್ಲರಿಗೂ ಒಂದು ದೊಡ್ಡ ಹಾಳೆ ಕೊಡುತ್ತಾರೆ. ನನ್ನ ಪ್ರಕಾರ ಫೀಸಿನ ಅರ್ಧ ದುಡ್ಡು ಈ ಹಾಳೆಗೇ ಸಂದಾಯ. ಮೂರು ಕಂಬ ಸಾಲು. ಒಂದರ ಮೇಲೆ ‘ಪರ್ಲಾರೆ’, ಎರಡನೆಯದರ ಮೇಲೆ ‘ವೇಂದೆರೆ’, ಮೂರನೆಯದರ ಮೇಲೆ ‘ದೊರ್ಮೀರೆ’. ಅಂದರೆ ಮಾತಾಡು, ಮಾರು, ಮಲಗು. ಇಟಾಲಿಯನ್ ಕ್ರಿಯಾಪದಗಳ ಮೂರು ಗುಂಪು ಇವೇ: ಮೂಲ ರೂಪದ ಕೊನೆಯಲ್ಲಿ ‘ಆರೆ’, ‘ಎರೆ’, ‘ಈರೆ’. ಧಾತು ಕಪ್ಪು ಶಾಯಿ, ಕೊನೆ ಕೆಂಪು ಶಾಯಿ. ಹಾಳೆಯನ್ನು ದೂರದಿಂದ ನೋಡಿದರೂ ಕೆಂಪು ಮಾತ್ರ ಕಣ್ಣಿಗೆ ಬೀಳುತ್ತದೆ. ವರ್ತಮಾನದ ಆರು ರೂಪಗಳಲ್ಲಿ ನಾನು, ನೀನು, ನಾವು ಈ ಮೂರಕ್ಕೆ ಎಲ್ಲ ಗುಂಪಿನಲ್ಲೂ ಕೊನೆ ಒಂದೇ ಅನ್ನುವುದು ಯಾರೂ ಹೇಳದೆ ಗೊತ್ತಾಗಿಬಿಡುತ್ತದೆ: ಒ, ಇ, ಯಾಮೊ. ಉಳಿದದ್ದು ಮೂರೇ. ಅಷ್ಟು ದೊಡ್ಡ ಪಟ್ಟಿ ಅಂತ ಹೆದರಿದ್ದು ಅರ್ಧಕ್ಕೆ ಇಳಿಯಿತು ನೋಡಿ.

‘ಈರೆ’ ಗುಂಪಿನಲ್ಲಿ ಒಂದು ಒಳಗುಂಪು ಇದೆ, ಅದಕ್ಕೆ ಪಕ್ಕದಲ್ಲೇ ಸಣ್ಣ ಚೌಕ ಹಾಕಿದ್ದಾರೆ. ‘ಕಪೀರೆ’, ಅಂದರೆ ಅರ್ಥಮಾಡಿಕೊ. ಇದು ‘ಕಾಪೊ’ ಆಗುವುದಿಲ್ಲ, ‘ಕಪಿಸ್ಕೊ’ ಆಗುತ್ತದೆ. ಆದರೆ ‘ನಾವು’ ಮತ್ತು ‘ವೋಯಿ’ ರೂಪಕ್ಕೆ ಈ ‘ಇಸ್ಕ್’ ಬರುವುದಿಲ್ಲ: ‘ಕಪ್ಯಾಮೊ’, ‘ಕಪೀತೆ’.

ಎಲ್ಲ ರೂಪವನ್ನೂ ಕನ್ನಡ ಲಿಪಿಯಲ್ಲಿ ಬರೆದಿರುವುದು ದೊಡ್ಡ ಉಪಕಾರ. ಒತ್ತಿ ಹೇಳಬೇಕಾದ ಕಡೆ ದೀರ್ಘ ಹಾಕಿದ್ದಾರೆ. ‘ಮ್ಮ’, ‘ತ್ತ’ ಥರ ಅಕ್ಷರ ಜೋಡಿಯಾಗಿರುವ ಕಡೆ ದೀರ್ಘದ ಬದಲು ಅಡಿಗೆರೆ. ಇದು ತುಂಬಾ ಮುಖ್ಯ. ‘ಅವರು ಮಾತಾಡುತ್ತಾರೆ’ ಅನ್ನುವುದು ‘ಪಾರ್ಲನೊ’. ‘ಪರ್ಲ್ಯಾಮೊ’, ‘ಪರ್ಲಾತೆ’ ಅಂತ ಒಂದರ ಹಿಂದೆ ಒಂದು ಹೇಳಿಕೊಂಡು ಬಂದಾಗ ನಾಲಿಗೆ ತಾನಾಗೇ ‘ಪರ್ಲಾನೊ’ ಅನ್ನುತ್ತದೆ. ಹಾಳೆಯಲ್ಲಿ ‘ಪಾ’ ದೀರ್ಘ ಕಂಡ ತಕ್ಷಣ ಸರಿಹೋಗುತ್ತದೆ. ಇಟಾಲಿಯನ್ ‘ತ’, ‘ದ’ ನಮ್ಮ ತ, ದ ಹಾಗೇ ಹಲ್ಲಿಗೆ ತಾಗಿ ಬರುತ್ತವೆ. ಇಂಗ್ಲಿಷ್ ಮೂಲಕ ಕಲಿತವರು ಅದನ್ನು ಟ, ಡ ಮಾಡಿಬಿಡುತ್ತಾರೆ.

ಜೋಡಿ ಅಕ್ಷರದ ಪಾಠ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ‘ಪರ್ಲೆರೇಮೊ’ ಅಂದರೆ ‘ನಾವು ಮಾತಾಡುವೆವು’, ಭವಿಷ್ಯ. ‘ಪರ್ಲೆರೆಮ್ಮೊ’ ಅಂದರೆ, ಹೀಗಾದರೆ ‘ಮಾತಾಡುತ್ತಿದ್ದೆವು’ ಅನ್ನುವ ಷರತ್ತಿನ ರೂಪ. ಇರುವ ವ್ಯತ್ಯಾಸ ಒಂದು ‘ಮ’. ಬೇರೆ ಎಷ್ಟೋ ಭಾಷೆಯವರಿಗೆ ಇದು ಕಿವಿಗೇ ಬೀಳುವುದಿಲ್ಲವಂತೆ. ‘ಬಲೆ’ ಮತ್ತು ‘ಬಲ್ಲೆ’ ನಮಗೆ ಒಂದೇ ಥರ ಕೇಳುತ್ತದಾ? ಮೇಡಂ ಆ ಎರಡು ಇಟಾಲಿಯನ್ ಪದಗಳನ್ನೂ ಬೆನ್ನು ತಿರುಗಿಸಿ ನಿಂತು ಹೇಳಿದರು. ಬ್ಯಾಚಿನಲ್ಲಿ ಎಲ್ಲರೂ ಸರಿಯಾಗಿ ಗುರುತಿಸಿದೆವು. ಮಂಡ್ಯದಿಂದ ಟ್ರೈನಿನಲ್ಲಿ ಬರುವ ಒಬ್ಬ ಹುಡುಗ ಇದ್ದಾನೆ, ಎಂಜಿನಿಯರಿಂಗ್ ಮುಗಿಸಿ ಇಟಲಿಯ ತೋರಿನೊಗೆ ಓದಲು ಹೊರಟವನು. ‘ಅಕ್ಕಾ, ಇದು ನಮ್ಮೂರವರಿಗೇ ಮಾಡಿದ ಭಾಷೆ’ ಅಂತ ಖುಷಿಯಲ್ಲಿ ಹೇಳಿದ. ನನಗೂ ಆ ಹೊತ್ತಿಗೆ ಹಾಗೇ ಅನ್ನಿಸಿತು.

ಇಟಾಲಿಯನ್‌ನಲ್ಲಿ ‘ಮೋದೊ’ ಅನ್ನುವುದು ಏಳು. ನಾವು ವಿಧ್ಯರ್ಥ, ಸಂಭಾವನಾರ್ಥ ಅಂತ ಶಾಲೆಯಲ್ಲಿ ಓದಿದೆವಲ್ಲ, ಆ ಥರದ ವಿಂಗಡಣೆ. ಇಂದಿಕತೀವೊ (ಇದ್ದದ್ದನ್ನು ಇದ್ದ ಹಾಗೆ ಹೇಳುವುದು), ಕೊಂಜುಂತೀವೊ (ಅನ್ನಿಸಿಕೆ, ಅನುಮಾನದ ಮಾತಿಗೆ), ಕೊಂದಿತ್ಸಿಯೊನಾಲೆ (ಮೇಲೆ ಹೇಳಿದ ಷರತ್ತಿನ ರೂಪ), ಇಂಪೆರತೀವೊ (ಮಾಡು, ಮಾಡಿ ಅನ್ನುವುದು), ಈ ನಾಲ್ಕರಲ್ಲಿ ವ್ಯಕ್ತಿಗೆ ತಕ್ಕಂತೆ ರೂಪ ಬದಲಾಗುತ್ತದೆ. ಉಳಿದ ಮೂರರಲ್ಲಿ ಇಲ್ಲ. ಇಂದಿಕತೀವೊ ಒಂದರಲ್ಲೇ ಎಂಟು ಕಾಲ. ಅದರಲ್ಲಿ ನಾಲ್ಕು, ‘ಅವೇರೆ’ (ಹೊಂದಿರು) ಅಥವಾ ‘ಎಸ್ಸೆರೆ’ (ಇರು) ಅನ್ನುವ ಸಹಾಯಕ ಕ್ರಿಯಾಪದ ಸೇರಿಸಿ ಕಟ್ಟುವ ಜೋಡಿ ಕಾಲಗಳು. ಆ ಎರಡು ನಿಯಮ ಪಾಲಿಸುವವಲ್ಲ, ಆದರೂ ಅವಿಲ್ಲದೆ ಮುಂದೆ ಹೋಗಲಾಗದು ಅಂತ ಅವಷ್ಟನ್ನು ಪ್ರತ್ಯೇಕವಾಗಿ ಬಾಯಿಪಾಠ ಮಾಡಿಸುತ್ತಾರೆ. ‘ಎಸ್ಸೆರೆ’ ಬಂದ ಕಡೆ ಗಂಡು ಹೆಣ್ಣಿಗೆ ತಕ್ಕ ಹಾಗೆ ಕೊನೆಯೂ ಬದಲು. ‘ನಾನು ಬಂದು ತಲುಪಿದೆ’ ಅನ್ನಲು ನಾನು ‘ಸೋನೊ ಅರ್ರಿವಾತ’ ಅನ್ನಬೇಕು, ಮಂಡ್ಯದ ಹುಡುಗ ‘ಸೋನೊ ಅರ್ರಿವಾತೊ’ ಅನ್ನಬೇಕು. ಕನ್ನಡದಲ್ಲಿ ಬಂದನು, ಬಂದಳು ಇದೆ, ಆದರೆ ‘ಬಂದೆ’ ಎಲ್ಲರಿಗೂ ಒಂದೇ. ಹಾಗಾಗಿ ಇಲ್ಲಿ ನಾವು ಎಚ್ಚರ ಇಟ್ಟುಕೊಳ್ಳಬೇಕು.

ಈಗ ನನ್ನ ಕೆಲಸಕ್ಕೆ ಎಲ್ಲಕ್ಕಿಂತ ಜಾಸ್ತಿ ಬಂದದ್ದು. ಇಂಪೆರತೀವೊ, ಅಂದರೆ ಮಾಡು, ಮಾಡಿ ಅಂತ ಹೇಳುವ ರೂಪ. ‘ಅಸ್ಪೆತ್ತಾರೆ’ ಅಂದರೆ ಕಾಯುವುದು. ವರ್ತಮಾನದಲ್ಲಿ ‘ನೀನು ಕಾಯುತ್ತೀಯ’ ಅನ್ನಲು ‘ಅಸ್ಪೆತ್ತಿ’, ಗೌರವದ ‘ನೀವು ಕಾಯುತ್ತೀರಿ’ ಅನ್ನಲು ‘ಅಸ್ಪೆತ್ತ’. ಆದರೆ ಹೇಳಿ ಮಾಡಿಸುವಾಗ ಎರಡೂ ಅದಲು ಬದಲು! ಸ್ನೇಹಿತೆಗೆ ‘ಅಸ್ಪೆತ್ತ’, ಹಿರಿಯರಿಗೆ ‘ಅಸ್ಪೆತ್ತಿ’. ಪುಸ್ತಕದಲ್ಲಿ ಇದನ್ನು ಓದಿದರೆ ಯಾವುದು ಯಾವುದು ಅಂತ ಗೊಂದಲವೇ. ಮೇಡಂ ಹೇಳಿದ್ದು ಒಂದೇ ಮಾತು: ನಾವು ದೊಡ್ಡವರಿಗೆ ಹೇಳಿ, ಕೇಳಿ, ಕೊಡಿ ಅನ್ನುತ್ತೇವೆ, ಕೊನೆಯಲ್ಲಿ ‘ಇ’. ‘ಆರೆ’ ಗುಂಪಿನಲ್ಲಿ ಗೌರವ ಕೊಟ್ಟು ಹೇಳುವಾಗಲೂ ಕೊನೆಯಲ್ಲಿ ‘ಇ’. ಪಾರ್ಲಿ, ಎಂತ್ರಿ (ಒಳಗೆ ಬನ್ನಿ), ಅಸ್ಪೆತ್ತಿ. ಅಲ್ಲಿಗೆ ಮುಗಿಯಿತು. ಉಳಿದೆರಡು ಗುಂಪಿಗೆ ‘ಅ’: ಕೇಳಿ ಅನ್ನಲು ‘ಸೇಂತ’. ಸಲಿಗೆಯವರಿಗೆ ಬೇಡ ಅನ್ನಬೇಕಾದರೆ ಇನ್ನೂ ಸುಲಭ, ಮೂಲ ರೂಪದ ಹಿಂದೆ ‘ನೊನ್’ ಇಟ್ಟರೆ ಆಯಿತು: ‘ನೊನ್ ಅಸ್ಪೆತ್ತಾರೆ’, ಕಾಯಬೇಡ.

ಬೊಲೋನ್ಯದಿಂದ ಬಂದಿದ್ದ ವಯಸ್ಸಾದ ಒಬ್ಬರು ನಮ್ಮಲ್ಲಿ ಉಳಿದಿದ್ದರು. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಆಟೋ ಬರಲು ತಡವಾಯಿತು. ‘ಅಸ್ಪೆತ್ತಿ ಉನ್ ಮೊಮೇಂತೊ’, ಅಂದರೆ ಒಂದು ಕ್ಷಣ ಕಾಯಿರಿ, ಅಂದೆ. ಅವರು ಚೀಲವನ್ನು ಕಟ್ಟೆ ಮೇಲಿಟ್ಟು, ನನ್ನ ಮುಖ ನೋಡಿ, ಇಟಾಲಿಯನ್‌ನಲ್ಲೇ ಉತ್ತರ ಕೊಟ್ಟರು. ಅಲ್ಲಿಯವರೆಗೆ ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದಿತ್ತು. ಅವತ್ತಿನಿಂದ ತಿಂಡಿ ಹೊತ್ತಿನಲ್ಲಿ ನನ್ನ ಹತ್ತಿರ ಇಟಾಲಿಯನ್ ಬಿಟ್ಟು ಬೇರೆ ಆಡಲಿಲ್ಲ.

ಕೊಂಜುಂತೀವೊ ಬಗ್ಗೆ ಎಲ್ಲರಿಗೂ ಹೆದರಿಕೆ. ಅನ್ನಿಸಿಕೆ, ಆಸೆ, ಅನುಮಾನ ಹೇಳಿದ ಮೇಲೆ ಬರುವ ಮಾತಿಗೆ ಈ ರೂಪ. ‘ದೋರ್ಮೆ’, ಮಲಗಿದ್ದಾಳೆ. ‘ಪೇನ್ಸೊ ಕೆ ದೋರ್ಮ’, ಮಲಗಿದ್ದಾಳೆ ಅನ್ನಿಸುತ್ತದೆ. ಇಲ್ಲೂ ಸ್ವರದ ಅದಲು ಬದಲೇ: ‘ಆರೆ’ ಗುಂಪು ‘ಇ’ ಆಗುತ್ತದೆ, ಉಳಿದವು ‘ಅ’. ಮೇಡಂ ನಮ್ಮ ಅಜ್ಜಿಯರ ಮಾತು ನೆನಪಿಸಿದರು. ‘ಮಳೆ ಬಂದೀತು’, ‘ಅವನು ಬಂದಾನು’. ಈ ಕನ್ನಡ ರೂಪವೂ ಕೊಂಜುಂತೀವೊ ರೂಪವೂ ಒಂದೇ ಅಲ್ಲ, ಬಳಸುವ ಜಾಗ ಬೇರೆ ಅಂತಲೂ ಎಚ್ಚರಿಸಿದರು. ಆದರೆ ಖಚಿತವಿಲ್ಲದ ಮಾತಿಗೆ ಕ್ರಿಯಾಪದವೇ ಬೇರೆ ರೂಪ ತೊಡಬಹುದು ಅನ್ನುವುದು ಕನ್ನಡದ ಬಾಯಿಗೆ ಅಪರಿಚಿತವಲ್ಲ ಅಂತ ತಿಳಿದ ಮೇಲೆ ಹೆದರಿಕೆ ಹೋಯಿತು.

ಕೊರತೆಗಳೂ ಇವೆ. ‘ಪಸ್ಸಾತೊ ರೆಮೋತೊ’ ಅನ್ನುವ ಭೂತಕಾಲವನ್ನು ‘ಇದು ಕಥೆ, ಚರಿತ್ರೆ ಪುಸ್ತಕಕ್ಕೆ’ ಅಂತ ಬೇಗ ಮುಗಿಸಿಬಿಟ್ಟರು. ಉತ್ತರ ಇಟಲಿಯ ಮಾತಿಗೆ ಅದು ಸರಿ. ದಕ್ಷಿಣದವರು ಮಾತಿನಲ್ಲೂ ಬಳಸುತ್ತಾರೆ. ನಮ್ಮಲ್ಲಿ ಇದ್ದ ಸಿಸಿಲಿಯವರೊಬ್ಬರು ನಿನ್ನೆ ಮೊನ್ನೆಯದಕ್ಕೂ ‘ಪರ್ಲೋ’, ‘ಅರ್ರಿವೋ’ ಅನ್ನುತ್ತಿದ್ದರು. ‘ಎರೆ’ ಗುಂಪಿಗೆ ಈ ಕಾಲದಲ್ಲಿ ‘ವೆಂದೇಯಿ’, ‘ವೆಂದೆತ್ತಿ’ ಅಂತ ಎರಡೆರಡು ರೂಪ ಬೇರೆ. ಇದಕ್ಕೆ ಇನ್ನೂ ಸಮಯ ಕೊಡಲೇಬೇಕು, ಮೇಡಂಗೂ ಹೇಳಿದ್ದೇನೆ. ಉಚ್ಚಾರಣೆ ರೆಕಾರ್ಡ್ ಮಾಡಿ ಕಳಿಸುವ ಪದ್ಧತಿಯೂ ಇಲ್ಲ. ಕ್ಲಾಸು ತಪ್ಪಿಸಿಕೊಂಡರೆ ಹಾಳೆಯೇ ಗತಿ. ಮೆಟ್ಟಿಲು ಕಡಿದಾಗಿದೆ, ಮಂಡಿ ನೋವಿರುವವರು ಮೊದಲೇ ಹೇಳಿದರೆ ಕೆಳಗಿನ ಹಾಲಿನಲ್ಲಿ ಕೂರಿಸುತ್ತಾರೆ.

ಇಟಲಿಯ ಸಿಯೇನ, ಪೆರೂಜ ವಿಶ್ವವಿದ್ಯಾಲಯಗಳು ನಡೆಸುವ ಇಟಾಲಿಯನ್ ಭಾಷಾ ಪರೀಕ್ಷೆ ಬರೆಯುವವರಿಗೆ ಇದೊಂದೇ ಬ್ಯಾಚು ಸಾಲದು, ಕೇಳಿ ಬರೆಯುವ ಅಭ್ಯಾಸ ಬೇರೆ ಕಡೆ ಮಾಡಿಕೊಳ್ಳಬೇಕು. ಮಾತಾಡಲು, ಓದಲು ಗಟ್ಟಿ ತಳಪಾಯ ಬೇಕು ಅನ್ನುವವರು ಕಣ್ಣು ಮುಚ್ಚಿಕೊಂಡು ಸೇರಬಹುದು. ಬ್ಯಾಚು ಸಣ್ಣದು, ಬೇಗ ತುಂಬುತ್ತದೆ. ನಿಯಮ ಮೀರುವ ಕ್ರಿಯಾಪದಗಳ ಬ್ಯಾಚು ದಸರಾ ಮುಗಿದ ಮೇಲೆ ಶುರು. ಅದಕ್ಕೆ ಈ ಬ್ಯಾಚು ಮುಗಿಸಿದವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ಹಾಗಾಗಿ ಎರಡೂ ಬೇಕಿದ್ದರೆ ಈಗಲೇ ವಿಚಾರಿಸಿ.