ಧಣಿ ಬದಲಾದರು, ಸ್ಕ್ರೀನ್ ದೊಡ್ಡದಾಯಿತು, ಗೋಳಿಬಜೆ ಮಾಯವಾಯಿತು

ಮೊದಲೇ ಹೇಳಿಬಿಡುತ್ತೇನೆ, ನಾನು ಫುಟ್‌ಬಾಲ್ ಮ್ಯಾಚ್ ನೋಡಲು ಹೋಗುವ ಹೋಟೆಲಿಗೆ ಐದಕ್ಕೆ ಮೂರು ಸ್ಟಾರ್. ಹಳೇ ಕಾಲದಲ್ಲಿ ಕೇಳಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಆಗ ಅಲ್ಲಿ ಎಸಿ ಇರಲಿಲ್ಲ, ಟಾಯ್ಲೆಟ್ ಬಾಗಿಲಿಗೆ ಚಿಲಕದ ಬದಲು ಸುತಳಿ ಇತ್ತು, ಆದರೂ ಕೊಡುತ್ತಿದ್ದೆ.

ಹೋಟೆಲಿನ ಹೆಸರು ಹಾಕುವುದಿಲ್ಲ. ಮಂಗಳೂರಿನಲ್ಲಿ ಕಂಕನಾಡಿ ಕಡೆ ಉಂಟು, ಅಷ್ಟು ಸಾಕು. ಬೈದರೂ ನಾನು ಇನ್ನೂ ಅಲ್ಲಿಗೇ ಹೋಗುವವನು, ಹೆಸರು ಹೇಳಿ ನನ್ನ ಮೂಲೆಯ ಕುರ್ಚಿ ಕಳೆದುಕೊಳ್ಳುವ ಆಸೆ ಇಲ್ಲ.

ಮೊದಲು ಅಲ್ಲಿ ಇದ್ದದ್ದು ಹದಿನೈದು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಒಂದು ಟಿವಿ, ಸಂಜೆ ಆರರಿಂದ ಗೋಳಿಬಜೆ, ಮ್ಯಾಚ್ ಇದ್ದ ದಿನ ಚಿಕನ್ ಘೀ ರೋಸ್ಟ್ ಮತ್ತು ನೀರುದೋಸೆ. ಧಣಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿ. ಯುನೈಟೆಡ್ ಸೋತ ದಿನ ಚಹಾಕ್ಕೆ ಸಕ್ಕರೆ ಬೀಳುತ್ತಿರಲಿಲ್ಲ. ಕೇಳಿದರೆ ಡಬ್ಬ ತಂದು ಮೇಜಿನ ಮೇಲೆ ಕುಕ್ಕುತ್ತಿದ್ದರು, ನೀವೇ ಹಾಕ್ಕೊಳ್ಳಿ ಅಂತ. ಕಳೆದ ಹತ್ತು ವರ್ಷ ಅವರ ಅಂಗಡಿಯಲ್ಲಿ ಸಕ್ಕರೆ ಖರ್ಚು ಎಷ್ಟು ಕಡಿಮೆ ಆಗಿರಬಹುದು ಲೆಕ್ಕ ಹಾಕಿ.

ಆಮೇಲೆ ಗಲ್ಫಿನಿಂದ ಬಂದ ಒಬ್ಬರು ಪಾರ್ಟ್ನರ್ ಆದರು. ಮೂರು ತಿಂಗಳು ಶಟರ್ ಎಳೆದಿತ್ತು. ತೆರೆದಾಗ ನೋಡಿದರೆ ಒಳಗೆ ಮೂರು ಸ್ಕ್ರೀನ್, ಅದರಲ್ಲಿ ಒಂದು ಗೋಡೆ ತುಂಬ. ಸೋಫಾ, ಎಸಿ, ಗೋಡೆ ಮೇಲೆ ನಿಯಾನ್ ಅಕ್ಷರ. ಮ್ಯಾಚ್ ದಿನ ಒಳಗೆ ಕಾಲಿಡಲು 250 ರೂಪಾಯಿ. ಹದಿನೈದು ರೂಪಾಯಿಯ ಸುಲೈಮಾನಿ ಚಹಾ ಜಾಡಿಯೊಳಗೆ ಕೂತು 60 ರೂಪಾಯಿ ಆಗಿದೆ. ಗೋಳಿಬಜೆ ಇಲ್ಲ, ಪೆರಿ ಪೆರಿ ಫ್ರೈಸ್ ಉಂಟು.

ಮೊದಲ ದಿನ ನಾನು ನಿಜವಾಗಿಯೂ ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ. ಅದು 2025ರ ಮಾರ್ಚ್ 16, ಇಂಗ್ಲೆಂಡಿನ ಲೀಗ್ ಕಪ್ ಫೈನಲ್, ನ್ಯೂಕಾಸಲ್ ಮತ್ತು ಲಿವರ್‌ಪೂಲ್. ನಮಗೆ ರಾತ್ರಿ ಹತ್ತಕ್ಕೆ ಶುರು. ರಂಜಾನ್ ತಿಂಗಳು, ತರಾವೀಹ್ ನಮಾಜ್ ಮುಗಿಸಿ ಬಂದರ್ ಕಡೆಯ ಹುಡುಗರೆಲ್ಲ ಬಂದಿದ್ದರು, ಮುಕ್ಕಾಲು ಪಾಲು ಕೆಂಪು ಜರ್ಸಿ. ನ್ಯೂಕಾಸಲ್ ಪರ ಇದ್ದದ್ದು ಒಬ್ಬನೇ, ಆ ಊರಿನಲ್ಲಿ ಎಂಎಸ್ ಓದಿ ಬಂದ ಹುಡುಗ. ಪಾಪ, ಕಂಬದ ಹಿಂದೆ ಕೂತಿದ್ದ.

ಮೊದಲಾರ್ಧ ಮುಗಿಯುತ್ತಾ ಬಂದಿತ್ತು. ಸ್ಕ್ರೀನಿನಲ್ಲಿ ಚೆಂಡು ಇನ್ನೂ ಎಲ್ಲೋ ಮಧ್ಯದಲ್ಲಿ. ಅಷ್ಟರಲ್ಲಿ ರಸ್ತೆಯಾಚೆಯ ಪಾನ್ ಅಂಗಡಿಯಿಂದ "ಗೋಲ್!" ಅಂತ ಕೂಗು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಯಾರದ್ದು? ಸುಮಾರು ಅರ್ಧ ನಿಮಿಷ ಕಳೆದ ಮೇಲೆ ನಮ್ಮ ಗೋಡೆಯಷ್ಟು ಅಗಲದ ಸ್ಕ್ರೀನಿನಲ್ಲಿ ಕಾರ್ನರ್ ಹೊಡೆದರು, ಡ್ಯಾನ್ ಬರ್ನ್ ದೂರದಿಂದ ತಲೆ ಕೊಟ್ಟ, ಚೆಂಡು ಒಳಗೆ. ಪಾನ್ ಅಂಗಡಿಯವನು ಫೋನಿನಲ್ಲಿ ನೋಡುತ್ತಿದ್ದ, ಅವನ ಡೇಟಾ ನಮ್ಮ ವೈಫೈಗಿಂತ ಚುರುಕು. ಲಕ್ಷಗಟ್ಟಲೆ ಸ್ಕ್ರೀನಿಗೆ ಹೋಗಿದೆ, ಸ್ಕ್ರೀನಿಗೆ ಬರುವ ವೈರಿಗೆ ಹೋಗಿಲ್ಲ. ಈ ರಿವ್ಯೂದಲ್ಲಿ ನಾನು ಹೇಳಲು ಹೊರಟದ್ದು ಹೆಚ್ಚುಕಡಿಮೆ ಇಷ್ಟೇ. ಫುಟ್‌ಬಾಲ್ ಕ್ಲಬ್ಬುಗಳ ಕಥೆಯೂ ಇದೇ.

ಆ ರಾತ್ರಿ ನಮ್ಮ ಮೇಜಿನಲ್ಲಿ ದೊಡ್ಡ ಜಗಳ. ಸೌದಿಯ ಸರಕಾರಿ ಹೂಡಿಕೆ ನಿಧಿ ಪಾಲುದಾರರ ಜೊತೆ ಸೇರಿ 2021ರ ಅಕ್ಟೋಬರಿನಲ್ಲಿ ನ್ಯೂಕಾಸಲನ್ನು 30.5 ಕೋಟಿ ಪೌಂಡಿಗೆ ಕೊಂಡಿತು. ಆಗ ತಂಡ ಪಟ್ಟಿಯ ಬುಡದ ಹತ್ತಿರ ಇತ್ತು. ಮೂರೂವರೆ ವರ್ಷದಲ್ಲಿ ಕಪ್, 1955ರ ನಂತರ ದೇಶದೊಳಗಿನ ಮೊದಲ ದೊಡ್ಡ ಕಪ್. "ದುಡ್ಡಿದ್ದರೆ ಎಲ್ಲ ಆಗ್ತದೆ ಮಾರಾಯ" ಅಂತ ನನ್ನ ಭಾವ. ಆದರೆ ಮೊದಲ ಗೋಲ್ ಹೊಡೆದವನು ಯಾರು ನೋಡಿ. ಡ್ಯಾನ್ ಬರ್ನ್ ಅದೇ ಸೀಮೆಯ ಹುಡುಗ, ಚಿಕ್ಕವನಿದ್ದಾಗ ಇದೇ ಕ್ಲಬ್ ಬೇಡ ಅಂತ ಕಳಿಸಿತ್ತು, ಮತ್ತೆ ಸುಮಾರು 1.3 ಕೋಟಿ ಪೌಂಡಿಗೆ ವಾಪಸ್ ತಂದರು. ಈಗಿನ ರೇಟಿನಲ್ಲಿ ಅದು ಚಿಲ್ಲರೆ. ಎರಡನೇ ಗೋಲ್ ಇಸಾಕ್‌ನದ್ದು, ಅವನಿಗೆ 6 ಕೋಟಿ ಪೌಂಡಿನ ಮೇಲೆ. ಇಬ್ಬರೂ ಬೇಕಾಯಿತು ಅಲ್ವಾ? ಇಬ್ಬರನ್ನೂ ಸರಿಯಾಗಿ ಆಡಿಸಿದ ಕೋಚ್ ಎಡ್ಡಿ ಹೌ, ಕ್ಲಬ್ಬಿನ ಹಳೆಯ ಧಣಿಯ ಕಾಲದಲ್ಲಿ ಎಲ್ಲರೂ ಬೈಯುತ್ತಿದ್ದ ಜೊಯಲಿಂಟನ್‌ನನ್ನೇ ಮಿಡ್‌ಫೀಲ್ಡಿಗೆ ಇಳಿಸಿ ಹೀರೋ ಮಾಡಿದವರು. ಅದಕ್ಕೆ ಸೌದಿ ದುಡ್ಡೇನೂ ಬೇಕಾಗಿರಲಿಲ್ಲ.

ಇನ್ನೊಂದು ವಿಷಯ ಭಾವನಿಗೆ ಗೊತ್ತಿರಲಿಲ್ಲ. ಧಣಿ ಎಷ್ಟೇ ಶ್ರೀಮಂತ ಇದ್ದರೂ ಬೇಕಾದಷ್ಟು ಸುರಿಯುವಂತಿಲ್ಲ. ಇಂಗ್ಲೆಂಡಿನ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗಿನಲ್ಲಿ ಆಗ ಮೂರು ವರ್ಷ ಸೇರಿಸಿ 10.5 ಕೋಟಿ ಪೌಂಡಿಗಿಂತ ಜಾಸ್ತಿ ನಷ್ಟ ತೋರಿಸಬಾರದು ಅಂತ ನಿಯಮ ಇತ್ತು. ಅದರೊಳಗೆ ನಿಲ್ಲಲು ನ್ಯೂಕಾಸಲ್ 2024ರ ಜೂನಿನಲ್ಲಿ ತಾವೇ ಬೆಳೆಸಿದ ಎಲಿಯಟ್ ಆಂಡರ್ಸನ್‌ನನ್ನು ಮಾರಿತು. ಫೈನಲ್ ಗೆದ್ದು ಆರು ತಿಂಗಳಿಗೆ ಇಸಾಕ್ ಕೂಡ ಹಟ ಹಿಡಿದು ಹೊರಟ, ಎಲ್ಲಿಗೆ? ಆ ರಾತ್ರಿ ಸೋತ ಲಿವರ್‌ಪೂಲಿಗೇ, 12.5 ಕೋಟಿ ಪೌಂಡಿಗೆ. ಲೋಕದ ಅತಿ ದೊಡ್ಡ ಸಾಹುಕಾರ ಮನೆಯಲ್ಲಿದ್ದರೂ ಅಂಗಳದ ಆಟಗಾರ ಪಕ್ಕದ ಮನೆಗೆ ಹೋದ.

ಈಗ ಊಟದ ವಿಷಯ. ಹಳೇ ಅಡುಗೆಯವರು ಬಿಟ್ಟು ಹೋಗಿದ್ದಾರೆ, ದೇರಳಕಟ್ಟೆ ಕಡೆ ಯಾವುದೋ ಹೋಟೆಲಿನಲ್ಲಿದ್ದಾರಂತೆ. ಸಂಬಳ ಜಾಸ್ತಿ ಕೇಳಿದರು, ಪಾರ್ಟ್ನರ್ ಕೊಡಲಿಲ್ಲ. ಆ ದುಡ್ಡು ನಿಯಾನ್ ಅಕ್ಷರಕ್ಕೆ ಸಾಕಾಗುತ್ತಿತ್ತೋ ಏನೋ. ಅವರ ಘೀ ರೋಸ್ಟ್‌ನಲ್ಲಿ ಬ್ಯಾಡಗಿ ಮೆಣಸು ಹುರಿದು ಅರೆದ ಮಸಾಲೆ ಚಿಕನ್ನಿಗೆ ಅಂಟಿಕೊಂಡು, ಅಂಚಿನಲ್ಲಿ ತುಪ್ಪ ಕೆಂಪಾಗಿ ಬಿಟ್ಟುಕೊಂಡಿರುತ್ತಿತ್ತು. ನೀರುದೋಸೆಯಿಂದ ಒರೆಸಿ ತಿಂದರೆ ಪ್ಲೇಟು ತೊಳೆಯುವ ಕೆಲಸವೇ ಇಲ್ಲ. ಈಗಿನದ್ದು ಸಿಹಿ. ನನಗೆ ಟೊಮೆಟೊ ಸಾಸ್ ಅಂತ ಗುಮಾನಿ. 340 ರೂಪಾಯಿ, ಆರು ತುಂಡು, ಅದರಲ್ಲಿ ಎರಡು ಬರೀ ಮೂಳೆ.

ವಿಂಗ್ಸ್ ಪರವಾಗಿಲ್ಲ. ವಿಂಗ್ಸ್ ತಿನ್ನುವಾಗ ಬ್ಲ್ಯಾಕ್‌ಬರ್ನ್ ನೆನಪಾಗದಿದ್ದರೆ ನೀವು ಫುಟ್‌ಬಾಲ್ ನೋಡುವವರೇ ಅಲ್ಲ. ಇಂಗ್ಲೆಂಡಿನ ಆ ಸಣ್ಣ ಊರಿನ ಕ್ಲಬ್ ಎರಡು ಬಗೆಯ ಧಣಿಗಳನ್ನು ಕಂಡಿದೆ. ಒಬ್ಬರು ಜ್ಯಾಕ್ ವಾಕರ್, ಉಕ್ಕಿನ ವ್ಯಾಪಾರದಲ್ಲಿ ದುಡಿದ ಅದೇ ಊರಿನವರು. ಎರಡನೇ ಡಿವಿಜನ್ನಿನಲ್ಲಿ ಕೊಳೆಯುತ್ತಿದ್ದ ತಂಡಕ್ಕೆ ದುಡ್ಡು ಹಾಕಿ, ಕೆನ್ನಿ ಡಾಲ್ಗ್ಲಿಶ್‌ರನ್ನು ಮ್ಯಾನೇಜರ್ ಮಾಡಿ, ಅಲನ್ ಶಿಯರರ್‌ನನ್ನು ತಂದು, 1995ರಲ್ಲಿ ಪ್ರೀಮಿಯರ್ ಲೀಗನ್ನೇ ಗೆಲ್ಲಿಸಿದರು. ಆಮೇಲೆ 2010ರ ನವೆಂಬರಿನಲ್ಲಿ ನಮ್ಮ ಪುಣೆಯ ಕೋಳಿ ಕಂಪನಿ ವೆಂಕೀಸ್ ಅದನ್ನು 2.3 ಕೋಟಿ ಪೌಂಡಿಗೆ ಕೊಂಡಿತು. ಡಿಸೆಂಬರಿನಲ್ಲೇ ಅನುಭವಿ ಮ್ಯಾನೇಜರ್ ಸ್ಯಾಮ್ ಅಲರ್‌ಡೈಸ್ ಔಟ್. ಆಟಗಾರರು ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ಕೋಳಿ ಕಾಲು ಕಡಿಯುವ ಜಾಹೀರಾತೂ ಬಂತು. 2012ರ ಮೇ ತಿಂಗಳಲ್ಲಿ ಪ್ರೀಮಿಯರ್ ಲೀಗಿನಿಂದ ಕೆಳಗೆ ಬಿದ್ದ ದಿನ ಅಭಿಮಾನಿಗಳು ಮೈದಾನಕ್ಕೆ ಜೀವಂತ ಕೋಳಿಯನ್ನೇ ಬಿಟ್ಟರು. 2017ರಲ್ಲಿ ಮೂರನೇ ಹಂತಕ್ಕೂ ಇಳಿದು ಮರುವರ್ಷ ಮೇಲೆ ಬಂದರು. ಈ ಧಣಿಗಳು ದುಡ್ಡು ಹಾಕಲಿಲ್ಲ ಎಂದಲ್ಲ, ವರ್ಷ ವರ್ಷ ಹಾಕಿದ್ದಾರೆ. ಅಡುಗೆಯವರನ್ನು ಮೊದಲು ಕಳಿಸಿ ಆಮೇಲೆ ಒಲೆಗೆ ಎಷ್ಟು ಕಟ್ಟಿಗೆ ತುರುಕಿದರೇನು?

ಇದಕ್ಕೆ ತದ್ವಿರುದ್ಧ ಮ್ಯಾಂಚೆಸ್ಟರ್ ಸಿಟಿ. ಅಬುಧಾಬಿಯ ಶೇಖ್ ಮನ್ಸೂರ್ 2008ರಲ್ಲಿ ಕೊಂಡಾಗ ಮೊದಲ ದಿನವೇ ರೊಬಿನ್ಹೊನನ್ನು ತಂದು ಪಟಾಕಿ ಹೊಡೆದರು, ಅದು ನಿಯಾನ್ ಅಕ್ಷರ. 2012ರಲ್ಲಿ ಕೊನೆಯ ಗಳಿಗೆಯ ಅಗ್ವೆರೊ ಗೋಲಿನಿಂದ ಲೀಗೂ ಬಂತು, 44 ವರ್ಷದ ಮೇಲೆ. ಆದರೆ ಅದೇ ವರ್ಷ ಬಾರ್ಸಿಲೋನಾ ಆಡಳಿತದಲ್ಲಿ ಪಳಗಿದ ಸೊರಿಯಾನೊ, ಬೆಗಿರಿಸ್ಟೈನ್ ಇಬ್ಬರನ್ನೂ ಕರೆತಂದರು, 2014ರಲ್ಲಿ ದೊಡ್ಡ ಅಕಾಡೆಮಿ ತೆರೆದರು, ಎಲ್ಲ ಸಿದ್ಧವಾದ ಮೇಲೆ 2016ರಲ್ಲಿ ಕೋಚ್ ಗ್ವಾರ್ಡಿಯೋಲಾ ಬಂದರು. ಮೊದಲು ವೈರಿಂಗ್, ಆಮೇಲೆ ಬಲ್ಬು. 2023ರಲ್ಲಿ ಒಂದೇ ವರ್ಷ ಮೂರು ಕಪ್. ಲೆಕ್ಕಪತ್ರದ ಬಗ್ಗೆ ಲೀಗ್ ಅವರ ಮೇಲೆ ನೂರಕ್ಕೂ ಜಾಸ್ತಿ ಆರೋಪ ಹೊರಿಸಿದ್ದೂ 2023ರಲ್ಲೇ, ಕ್ಲಬ್ ಎಲ್ಲವನ್ನೂ ಅಲ್ಲಗಳೆದಿದೆ. ಸಿಟಿ ಅಭಿಮಾನಿ ಎದುರು ಆ ಮಾತೆತ್ತಿದರೆ ಜಾಡಿ ಹಾರಿ ಬರಬಹುದು, ಹುಷಾರು.

ಚೆಲ್ಸಿ ಕ್ಲಬ್ಬಿನ ಅಭಿಮಾನಿ ಹುಡುಗರು ಹೋಟೆಲಿನಲ್ಲಿ ಒಂದು ಮೇಜು ಪೂರ್ತಿ ಇರುತ್ತಾರೆ. 2003ರಲ್ಲಿ ರಷ್ಯಾದ ಸಾಹುಕಾರ ಅಬ್ರಮೋವಿಚ್ ಧಣಿಯಾಗಿ ಬಂದದ್ದೂ ಗೊತ್ತು, 2022ರಲ್ಲಿ ಯುಕ್ರೇನ್ ಯುದ್ಧದಿಂದ ನಿರ್ಬಂಧ ಬಿದ್ದು ಮಾರಿ ಹೋದದ್ದೂ ಗೊತ್ತು. ಹೊಸ ಧಣಿಗಳು 250 ಕೋಟಿ ಪೌಂಡ್ ಕೊಟ್ಟು ಕೊಂಡು, ಸಂತೆಯಲ್ಲಿ ಮೀನು ಕೊಂಡ ಹಾಗೆ ಆಟಗಾರರನ್ನು ಕೊಂಡು, ಮೊದಲ ವರ್ಷ 12ನೇ ಸ್ಥಾನಕ್ಕೆ ಬಂದರು. ಆಮೇಲೆ ಸುಧಾರಿಸಿದರು, 2025ರಲ್ಲಿ ಕ್ಲಬ್ ವಿಶ್ವಕಪ್ಪೇ ಗೆದ್ದರು. ಆ ಮೇಜಿನವರು ಬಿಲ್ ಮಾತ್ರ ಇನ್ನೂ ಹಂಚಿಕೊಂಡೇ ಕೊಡುತ್ತಾರೆ.

ಎಸಿ ಬಗ್ಗೆ ಒಂದು ಮಾತು. ಗೋಡೆ ಬದಿಯ ಆರನೇ ಮೇಜಿನಲ್ಲಿ ಕೂರಬೇಡಿ, ನೀರು ತೊಟ್ಟಿಕ್ಕುತ್ತದೆ. ನಾನು ಹೇಳಿದಾಗ ಹಳೇ ಧಣಿ ನಕ್ಕರು, ಓಲ್ಡ್ ಟ್ರಾಫರ್ಡಿನ ಮಾಡೇ ಸೋರುತ್ತದೆ, ನಂದೇನು ಅಂತ. ನಿಜ, 2024ರ ಮೇ ತಿಂಗಳಲ್ಲಿ ಆರ್ಸೆನಲ್ ಮ್ಯಾಚಿನ ದಿನ ಅಲ್ಲಿ ಮಾಡಿನ ತುದಿಯಿಂದ ಜೋಗ ಬಿದ್ದ ಹಾಗೆ ನೀರು ಬಿದ್ದಿತ್ತು. ಆಮೇಲೆ ಅವರು ಸ್ವಲ್ಪ ಗಂಭೀರವಾದರು. ರಿನೋವೇಶನ್ ಸಾಲ ಹೋಟೆಲಿನ ಹೆಸರಿನಲ್ಲೇ ಇದೆಯಂತೆ, ಕಂತು ಕಟ್ಟುವುದು ಗಲ್ಲಾಪೆಟ್ಟಿಗೆಯಿಂದ. ಅದಕ್ಕೇ ಆ 250 ರೂಪಾಯಿ. "ಟಿವಿಯಲ್ಲಿ ಇಪ್ಪತ್ತು ವರ್ಷ ಗ್ಲೇಜರ್‌ಗೆ ಬೈದೆ, ಈಗ ಮನೆಯಲ್ಲೇ ಗ್ಲೇಜರ್" ಅಂದರು. ಗೊತ್ತಿಲ್ಲದವರಿಗೆ: ಗ್ಲೇಜರ್ ಕುಟುಂಬ 2005ರಲ್ಲಿ ಯುನೈಟೆಡನ್ನು ಸುಮಾರು 79 ಕೋಟಿ ಪೌಂಡಿಗೆ ಕೊಂಡದ್ದು ಹೆಚ್ಚಾಗಿ ಸಾಲ ಮಾಡಿ. ಆ ಸಾಲದ ದೊಡ್ಡ ಪಾಲು ಹೋಗಿ ಕೂತದ್ದು ಕ್ಲಬ್ಬಿನ ತಲೆ ಮೇಲೆ. ಅಲ್ಲಿಯವರೆಗೆ ಕ್ಲಬ್ಬಿಗೆ ಸಾಲವೇ ಇರಲಿಲ್ಲ. ಮ್ಯಾನೇಜರ್ ಫರ್ಗುಸನ್ ಇರುವ ತನಕ ಗೆದ್ದರು, ಉರಿ ಅಷ್ಟಾಗಿ ತಟ್ಟಲಿಲ್ಲ. 2013ರಲ್ಲಿ ಅವರು ನಿವೃತ್ತರಾದರು. ಅಲ್ಲಿಂದ ಶುರು ನಮ್ಮ ಸಕ್ಕರೆ ಇಲ್ಲದ ಚಹಾ.

ಜರ್ಮನಿಯಲ್ಲಿ ಇದಕ್ಕೊಂದು ಕಟ್ಟೆ ಕಟ್ಟಿದ್ದಾರೆ. ಕ್ಲಬ್ಬಿನ ಮತದಲ್ಲಿ ಅರ್ಧಕ್ಕಿಂತ ಒಂದು ಜಾಸ್ತಿ ಸದಸ್ಯರ ಕೈಯಲ್ಲೇ ಇರಬೇಕು. ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಯಕ್ಷಗಾನದ ಡೇರೆ ಮೇಳವಾದರೆ ಯಜಮಾನರೇ ಎಲ್ಲ, ಹೆಸರುವಾಸಿ ಭಾಗವತರನ್ನೂ ವೇಷಧಾರಿಗಳನ್ನೂ ಕಟ್ಟಿಕೊಂಡು ಬರುತ್ತಿದ್ದರು, ಕೈ ಸುಟ್ಟುಕೊಂಡರೆ ಡೇರೆ ಮಡಚಿತು. ಹರಕೆ ಮೇಳ ಊರ ಭಕ್ತರ ದುಡ್ಡಿನಲ್ಲಿ ನಡೆಯುತ್ತದೆ, ಕಟೀಲಿನ ಆಟ ಆಡಿಸಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಹಾಗಂತ ಜರ್ಮನಿಯಲ್ಲಿ ಎಲ್ಲ ಸಮಾನ ಎಂದೇನಿಲ್ಲ, ಬಯರ್ನ್ ಸತತ ಹನ್ನೊಂದು ವರ್ಷ ಗೆದ್ದಿತ್ತು.

ನಮ್ಮದೇ ರಾಜ್ಯದ ಬೆಂಗಳೂರು ಎಫ್‌ಸಿಯನ್ನೇ ನೋಡಿ. 2013ರಲ್ಲಿ ಜೆಎಸ್‌ಡಬ್ಲ್ಯು ಶುರು ಮಾಡಿದ್ದು. ಛೆತ್ರಿಯನ್ನು ತಂದು, ಕೋಚ್ ಕೈಗೆ ಸರಿಯಾಗಿ ಜವಾಬ್ದಾರಿ ಕೊಟ್ಟು, ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದರು, 2016ರಲ್ಲಿ ಏಷ್ಯಾ ಮಟ್ಟದ ಎಎಫ್‌ಸಿ ಕಪ್ ಫೈನಲ್ ತನಕ ಹೋದರು. ಆದರೆ 2025ರಲ್ಲಿ ದೇಶದ ದೊಡ್ಡ ಲೀಗ್ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಎಂಬ ಗೊಂದಲ ಬಂದಾಗ ಆಗಸ್ಟಿನಲ್ಲಿ ಅವರೇ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿದರು. ಧಣಿ ಗಟ್ಟಿ ಇದ್ದರೂ ಗದ್ದೆಯೇ ಇಲ್ಲದಿದ್ದರೆ ಕೋಣ ಓಡಿಸುವುದು ಎಲ್ಲಿ?

ಒಳ್ಳೆಯದನ್ನೂ ಹೇಳಬೇಕು. ಟಾಯ್ಲೆಟ್ ಈಗ ಚೊಕ್ಕವಾಗಿದೆ, ಚಿಲಕ ಉಂಟು. ಮೊದಲು ಆ ಹೋಟೆಲಿನೊಳಗೆ ಮ್ಯಾಚ್ ದಿನ ಒಬ್ಬ ಹುಡುಗಿಯನ್ನೂ ನೋಡಿದವನಲ್ಲ ನಾನು. ಈಗ ಹತ್ತಿರದ ಕಾಲೇಜಿನ ನರ್ಸಿಂಗ್ ಹುಡುಗಿಯರು ಕೇರಳ ಬ್ಲಾಸ್ಟರ್ಸ್ ತಂಡದ ಹಳದಿ ಜರ್ಸಿ ಹಾಕಿಕೊಂಡು ಬಂದು ನಮಗಿಂತ ಜೋರಾಗಿ ಕೂಗುತ್ತಾರೆ, ಆಫ್‌ಸೈಡ್ ಬಗ್ಗೆ ನನ್ನ ಭಾವನನ್ನು ತಿದ್ದುತ್ತಾರೆ. ಇದು ಪಾರ್ಟ್ನರ್ ದುಡ್ಡಿನಿಂದಲೇ ಆದದ್ದು. ಅದಕ್ಕೆ ಒಂದು ಸ್ಟಾರ್ ಪೂರ್ತಿ.

2025ರ ಮೇ 31ರ ಚಾಂಪಿಯನ್ಸ್ ಲೀಗ್ ಫೈನಲ್ಲಿಗೂ ಹೋಗಿದ್ದೆ. ನಮಗೆ ರಾತ್ರಿ ಹನ್ನೆರಡೂವರೆ, ಶಟರ್ ಅರ್ಧ ಎಳೆದು ಖಾಯಂ ಗಿರಾಕಿಗಳಿಗೆ ಮಾತ್ರ. ಹೊರಗೆ ಮಳೆ. ಹಾಫ್‌ಟೈಮಿಗೆ ಪ್ಯಾರಿಸಿನ ಪಿಎಸ್‌ಜಿ ಎರಡು ಗೋಲ್ ಮುಂದೆ, ಕರೆಂಟ್ ಹೋಯಿತು. ಇನ್ವರ್ಟರ್ ಇದೆ, ಸ್ಕ್ರೀನ್ ಜಗಮಗ ಉರಿಯುತ್ತಿದೆ, ಆದರೆ ರೂಟರನ್ನು ಇನ್ವರ್ಟರ್ ಲೈನಿಗೆ ಕೊಟ್ಟಿಲ್ಲ! ಗೋಡೆಯಷ್ಟು ಅಗಲಕ್ಕೆ ಬರೀ ಒಂದು ಬಿಳಿ ಚಕ್ರ ತಿರುಗುತ್ತಿತ್ತು. ಕೊನೆಗೆ ಸಪ್ಲಯರ್ ಹುಡುಗನ ಫೋನನ್ನು ಸಾಸ್ ಬಾಟಲಿಗೆ ಒರಗಿಸಿಟ್ಟು ಎಂಟು ತಲೆ ಒಟ್ಟು ಸೇರಿಸಿ ನೋಡಿದೆವು. ಕತಾರಿನ ದುಡ್ಡಿನಲ್ಲಿ 22.2 ಕೋಟಿ ಯೂರೋ ಕೊಟ್ಟು ನೇಮಾರ್‌ನನ್ನು ತಂದು, ಮೆಸ್ಸಿಯನ್ನು ತಂದು, ಎಂಬಾಪೆಯನ್ನು ಹಿಡಿದಿಟ್ಟುಕೊಂಡು ಆಗದ ಕೆಲಸ, ಮೂವರೂ ಹೋದ ಮೇಲೆ, 19 ವರ್ಷದ ದುವೆ ಎರಡು ಹೊಡೆದು 5-0 ಆಯಿತು. ಕೊನೆಯದ್ದು ಮಾಯುಲು, ಅವರದ್ದೇ ಅಕಾಡೆಮಿಯ ಹುಡುಗ. ಅಗ್ಗದ ತಂಡ ಅಂತ ತಿಳಿಯಬೇಡಿ, ಕ್ವಾರಾತ್ಸ್‌ಖೇಲಿಯಾ ಒಬ್ಬನಿಗೇ ಸುಮಾರು 7 ಕೋಟಿ ಯೂರೋ ಕೊಟ್ಟಿದ್ದಾರೆ. ಫೋನಿನಲ್ಲಿ ಅವನ ಮುಖ ಕಡಲೆಕಾಳಿನಷ್ಟು ಕಾಣುತ್ತಿತ್ತು.

ಹೋಗುವವರಿಗೆ: ಹತ್ತರ ಮ್ಯಾಚಿಗೆ ಒಂಬತ್ತೂಕಾಲಿಗೆ ಮುಟ್ಟಿ, ಪಾರ್ಕಿಂಗ್ ಕಷ್ಟ, ಘೀ ರೋಸ್ಟ್ ಬೇಡ, ವಿಂಗ್ಸ್ ಮತ್ತು ಲೈಮ್ ಸೋಡಾ ಸಾಕು. ಪಾನ್ ಅಂಗಡಿ ಕಡೆಯ ಕಿಟಕಿಯ ಹತ್ತಿರ ಕೂರಬೇಡಿ, ಎಲ್ಲ ಗೋಲೂ ಮೊದಲೇ ಗೊತ್ತಾಗುತ್ತದೆ. ಮೊನ್ನೆ ಬಿಲ್ ಕೊಡುವಾಗ ಪಾರ್ಟ್ನರ್ ಸಿಕ್ಕಿದರು, ಒಳ್ಳೆ ಮನುಷ್ಯ, ಹೇಗುಂಟು ಅಂತ ಕೇಳಿದರು. ಇಂಟರ್ನೆಟ್ ಲೈನ್ ಬದಲಿಸಿ, ರೂಟರನ್ನು ಇನ್ವರ್ಟರಿಗೆ ಕೊಡಿ, ಎರಡು ಸಾವಿರ ರೂಪಾಯಿ ಕೆಲಸ ಅಂದೆ. ಗಮನ ಇಟ್ಟು ಕೇಳಿದರು. ಆಮೇಲೆ ಹೆಗಲ ಮೇಲೆ ಕೈಯಿಟ್ಟು, ಸ್ವಲ್ಪ ತಾಳಿ, ಮುಂದಿನ ತಿಂಗಳು ನಾಲ್ಕನೇ ಸ್ಕ್ರೀನ್ ಬರ್ತದೆ ಅಂದರು.