ಸಾಂಟಾ ಕ್ಲಾರಾ ಕೌಂಟಿಯ ಸರ್ಕಾರಿ ಪ್ರೀಸ್ಕೂಲ್: ಟಿಕೆ, ಸ್ಟೇಟ್ ಪ್ರೀಸ್ಕೂಲ್, ಹೆಡ್ ಸ್ಟಾರ್ಟ್

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಸಾನ್ ಹೋಸೆ, ಮಿಲ್‌ಪಿಟಾಸ್ ಕಡೆಯ ಕನ್ನಡ ಮನೆಗಳಲ್ಲಿ ಮಗುವಿಗೆ 3 ತುಂಬಿದ ಕೂಡಲೇ ಏಳುವ ಮಾತು ಇದು: "ಟಿಕೆ ಪುಕ್ಕಟೆ ಅಲ್ವಾ, ಖಾಸಗಿಯವರಿಗೆ ಯಾಕೆ ದುಡ್ಡು ಸುರಿಯೋದು?" ಪುಕ್ಕಟೆ ಅನ್ನೋದು ನಿಜ. ಆದರೆ ಸರ್ಕಾರಿ ದಾರಿಗಳು ಮೂರಿವೆ. ವರ್ಷವಿಡೀ ನಡೆಸುವಾಗ ಅವುಗಳ ವ್ಯತ್ಯಾಸ ಕಾಣುವುದು ಪಾಠದಲ್ಲಲ್ಲ. ಗಂಟೆ, ಶೌಚ, ಊಟ ಮತ್ತು ಲಸಿಕೆ ಚೀಟಿಯಲ್ಲಿ.

ಟಿಕೆ, ಅಂದರೆ ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್, ಸರ್ಕಾರಿ ಶಾಲೆಯಲ್ಲಿ ಕಿಂಡರ್‌ಗಾರ್ಟನ್‌ಗಿಂತ ಒಂದು ವರ್ಷ ಮುಂಚಿನ ತರಗತಿ. ಅದು 2012-13ರಲ್ಲಿ ಶುರುವಾದಾಗ ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳಿಗಷ್ಟೇ ಇತ್ತು. 2025-26ರಿಂದ ಸೆಪ್ಟೆಂಬರ್ 1ರೊಳಗೆ 4 ತುಂಬುವ ಎಲ್ಲರಿಗೂ ಇದೆ. ಆದಾಯ ಕೇಳುವುದಿಲ್ಲ, ವೀಸಾ ಕೇಳುವುದಿಲ್ಲ. ಸೆಪ್ಟೆಂಬರ್ 2ಕ್ಕೋ ಆಮೇಲೋ 4 ತುಂಬುವುದಾದರೆ ಸಾಮಾನ್ಯವಾಗಿ ಇನ್ನೊಂದು ವರ್ಷ ಕಾಯಬೇಕು. 10 ಮಕ್ಕಳಿಗೆ ಒಬ್ಬ ದೊಡ್ಡವರು ಎಂಬುದು ಈಗಿನ ಲೆಕ್ಕ. ಒಂದು ಶಾಲೆಯ ಟಿಕೆ ತರಗತಿಗಳ ಸರಾಸರಿ 24 ಮಕ್ಕಳನ್ನು ಮೀರುವಂತಿಲ್ಲ.

ಟಿಕೆ ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳ ಆಡಳಿತ. ನಿಮ್ಮ ಡಿಸ್ಟ್ರಿಕ್ಟ್ ಯಾವುದೆಂದು ಊರಿನ ಹೆಸರು ನೋಡಿ ತೀರ್ಮಾನಿಸಬೇಡಿ. ಸನ್ನಿವೇಲ್ ವಿಳಾಸದ ಮನೆ ಸನ್ನಿವೇಲ್ ಡಿಸ್ಟ್ರಿಕ್ಟಿಗೆ ಬರಬಹುದು, ಕ್ಯುಪರ್ಟಿನೋಗೆ ಬರಬಹುದು, ಸಾಂಟಾ ಕ್ಲಾರಾಕ್ಕೂ ಬರಬಹುದು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆಯೇ ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಮನೆ ನಂಬರ್ ಹಾಕಿ ನೋಡಿ.

ಟಿಕೆಯ ದೊಡ್ಡ ಕೊರತೆ ಅದರ ಗಂಟೆ. ಕಾನೂನು ಕೇಳುವುದು ಕನಿಷ್ಠ 3 ಗಂಟೆ. ಕೆಲವು ಡಿಸ್ಟ್ರಿಕ್ಟುಗಳು ಅಷ್ಟಕ್ಕೇ ನಿಲ್ಲುತ್ತವೆ, ಕೆಲವು ಮಧ್ಯಾಹ್ನದವರೆಗೆ ನಡೆಸುತ್ತವೆ, ವಾರದಲ್ಲೊಂದು ದಿನ ಬೇಗ ಬಿಡುವುದೂ ಉಂಟು. ಬೇಸಿಗೆ ರಜೆ ಬೇರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ನಿಜವಾದ ಪೈಪೋಟಿ ಟಿಕೆ ಸೀಟಿಗಲ್ಲ, ಶಾಲೆ ಬಿಟ್ಟ ಮೇಲಿನ ಆಫ್ಟರ್‌ಕೇರ್ ಸೀಟಿಗೆ. ಜನವರಿ, ಫೆಬ್ರವರಿಯಲ್ಲಿ ನೋಂದಣಿ ತೆರೆದಾಗ ಮೊದಲ ಫೋನು ಆಫ್ಟರ್‌ಕೇರ್ ನಡೆಸುವವರಿಗೇ ಹೋಗಲಿ.

ಸ್ಟೇಟ್ ಪ್ರೀಸ್ಕೂಲ್ 3 ಮತ್ತು 4 ವರ್ಷದವರಿಗೆ. ಇಲ್ಲಿ 8 ಮಕ್ಕಳಿಗೊಬ್ಬರು, ಅಂದರೆ ಟಿಕೆಗಿಂತ ಬಿಗಿ. ಕುಟುಂಬದ ಆದಾಯ ರಾಜ್ಯದ ಮಧ್ಯಮ ಆದಾಯದ ಮಿತಿಯೊಳಗಿರಬೇಕು. ಇಬ್ಬರೂ ಟೆಕ್ಕಿಗಳಾದರೆ ಅರ್ಜಿ ಹಾಕಿ ಫಲವಿಲ್ಲ. ಒಬ್ಬರೇ ದುಡಿಯುವ, ಇನ್ನೊಬ್ಬರು ಓದುತ್ತಿರುವ ಅಥವಾ ಎಚ್-4ರಲ್ಲಿ (ಅವಲಂಬಿತರ ವೀಸಾ) ಮನೆಯಲ್ಲಿರುವ ಕುಟುಂಬ ಒಮ್ಮೆ ಲೆಕ್ಕ ಹಾಕಿಯೇ ಕೈಬಿಡಲಿ. ಅರ್ಧ ದಿನದ್ದಕ್ಕೆ ಶುಲ್ಕವಿಲ್ಲ, ಕೆಲಸದ ಪುರಾವೆಯೂ ಬೇಡ. ಬೆಳಿಗ್ಗೆ ಟಿಕೆ, ಮಧ್ಯಾಹ್ನ ಸ್ಟೇಟ್ ಪ್ರೀಸ್ಕೂಲ್ ಎಂದು ಜೋಡಿಸಿಕೊಳ್ಳಲು ಅವಕಾಶವಿದೆ. ಇದನ್ನು ಕೌಂಟರಿನಲ್ಲಿ ತಾವಾಗಿ ಹೇಳುವವರು ಕಡಿಮೆ, ಕೇಳಬೇಕು.

ಹೆಡ್ ಸ್ಟಾರ್ಟ್ 1965ರಿಂದ ನಡೆಯುತ್ತಿರುವ ಫೆಡರಲ್ ಯೋಜನೆ. ಮುಖ್ಯವಾಗಿ ಬಡತನ ರೇಖೆಯ ಕೆಳಗಿನವರಿಗೆ; ಆದರೆ 10ರಲ್ಲಿ ಒಂದು ಸೀಟು ವಿಕಲತೆಯಿರುವ ಮಕ್ಕಳಿಗೆ. ಸೇರಿದ 45 ದಿನದೊಳಗೆ ಕಣ್ಣು, ಕಿವಿ, ಬೆಳವಣಿಗೆ ನೋಡುತ್ತಾರೆ. ಈ ವಿಷಯದಲ್ಲಿ ಮೂರರಲ್ಲಿ ಇದೇ ಅಚ್ಚುಕಟ್ಟು.

ಶೌಚದ ವಿಷಯದಲ್ಲಿ ನಮ್ಮ ಮಕ್ಕಳು ಎಡವುವ ಜಾಗವೊಂದಿದೆ. ಶೌಚದ ಅಭ್ಯಾಸವಾಗಿಲ್ಲವೆಂಬ ಕಾರಣಕ್ಕೆ ಟಿಕೆಯಲ್ಲಿ ಸೀಟು ನಿರಾಕರಿಸುವಂತಿಲ್ಲ. ಆದರೆ ಅಲ್ಲಿ ತೊಳೆಸುವವರು ಸಿಗುವುದಿಲ್ಲ. ಮನೆಯಲ್ಲಿ ನೀರಿಗೆ ಒಗ್ಗಿದ ಮಗು ಒಣ ಟಿಶ್ಯೂ ಹಿಡಿದು ಏನು ಮಾಡಬೇಕೆಂದು ತೋಚದೆ ಕೂತುಬಿಡುತ್ತದೆ, ಇಲ್ಲವೇ ಮನೆಗೆ ಬರುವ ತನಕ ಕಟ್ಟಿಕೊಂಡು ಮಲಬದ್ಧತೆ ಮಾಡಿಕೊಳ್ಳುತ್ತದೆ. ಜೂನ್‌ನಿಂದಲೇ ಟಿಶ್ಯೂ ಅಭ್ಯಾಸ ಮಾಡಿಸಿ. ಗುಂಡಿಯ ಜೀನ್ಸ್ ಬೇಡ, ಎಲಾಸ್ಟಿಕ್ ಸೊಂಟದ ಪ್ಯಾಂಟ್ ಹಾಕಿ. ಹೆಡ್ ಸ್ಟಾರ್ಟ್‌ನಲ್ಲಿ ಡಯಾಪರ್ ಬದಲಿಸುವ ವ್ಯವಸ್ಥೆ ಇರುತ್ತದೆ.

ಊಟದಲ್ಲಿ ಟಿಕೆ ಗೆಲ್ಲುತ್ತದೆ. 2022-23ರಿಂದ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ತಿಂಡಿ, ಊಟ ಎಲ್ಲರಿಗೂ ಉಚಿತ. ಮನೆಯ ಡಬ್ಬಿಯೂ ನಡೆಯುತ್ತದೆ. ಹೆಡ್ ಸ್ಟಾರ್ಟ್‌ನಲ್ಲಿ ಎಲ್ಲರೂ ಒಂದೇ ಮೇಜಿನಲ್ಲಿ ಬಡಿಸಿಕೊಂಡು ತಿನ್ನುವ ಪದ್ಧತಿ, ಹೊರಗಿನ ಊಟ ಸಾಮಾನ್ಯವಾಗಿ ಬಿಡುವುದಿಲ್ಲ. ಶುದ್ಧ ಸಸ್ಯಾಹಾರಿಗಳು ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು) ಎಂಬ ಪದವನ್ನೂ ಹೆಸರಿಸಿ ಬರೆದುಕೊಡಿ. ಬರೀ "ವೆಜಿಟೇರಿಯನ್" ಅಂದರೆ ಮಾರ್ಷ್‌ಮೆಲೋ ಬಂದೀತು. ಡಬ್ಬಿ ಬಿಸಿ ಮಾಡಿಕೊಡುವವರಿಲ್ಲ. ಕ್ಲಿಪ್ಪಿನ ಸ್ಟೀಲ್ ಡಬ್ಬಿ ಮಗು ತಾನೇ ತೆಗೆಯಬಲ್ಲದೇ ಎಂದು ಮನೆಯಲ್ಲೇ ಪರೀಕ್ಷಿಸಿ. ಮುಚ್ಚಳದ ಜೊತೆ ಗುದ್ದಾಡುವಷ್ಟರಲ್ಲಿ ಊಟದ ಹೊತ್ತು ಮುಗಿದಿರುತ್ತದೆ.

ಭಾರತದಿಂದ ಬಂದ ಮಕ್ಕಳ ಅಡ್ಮಿಷನ್ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಲಸಿಕೆಯಲ್ಲಿ. ಟಿಕೆಗೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) 2 ಡೋಸ್ ಬೇಕು, ಎರಡೂ ಮೊದಲ ಹುಟ್ಟುಹಬ್ಬದ ನಂತರದ್ದಾಗಿರಬೇಕು. 9 ತಿಂಗಳಿಗೆ ಹಾಕಿಸಿದ್ದು ಲೆಕ್ಕಕ್ಕಿಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಯ ಎಂಆರ್ ಲಸಿಕೆಯಲ್ಲಂತೂ ಮಂಗನಬಾವಿನ ಅಂಶವೇ ಇಲ್ಲ. ಸಿಡುಬಲ್ಲ, ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಲಸಿಕೆ 2 ಡೋಸ್ ಬೇಕು, ನಡುವೆ 3 ತಿಂಗಳ ಅಂತರ. ಎರಡನೆಯದಕ್ಕೆ ದಿನ ಬರುವವರೆಗೆ ಷರತ್ತಿನ ಪ್ರವೇಶ ಕೊಡುತ್ತಾರೆ. 2016ರ ಏಪ್ರಿಲ್ ನಂತರದ ಪೋಲಿಯೋ ಹನಿ ಇಲ್ಲಿ ನಡೆಯದು, ಇಂಜೆಕ್ಷನ್ನೇ ಬೇಕು.

ಇದರ ಮೇಲೆ ಈ ಕೌಂಟಿಯದೇ ಕ್ಷಯರೋಗದ ಫಾರ್ಮ್, 2014ರಿಂದ ಜಾರಿಯಲ್ಲಿದೆ. ಭಾರತದಲ್ಲಿ ಹುಟ್ಟಿದ ಮಗುವಿಗೆ ಪರೀಕ್ಷೆ ತಪ್ಪದು. ಬಿಸಿಜಿ (ಕ್ಷಯದ ಲಸಿಕೆ) ಹಾಕಿಸಿಕೊಂಡ ಮಗುವಿಗೆ ಚರ್ಮದ ಪರೀಕ್ಷೆ ಮಾಡಿದರೆ ಸುಳ್ಳು ಪಾಸಿಟಿವ್ ಬರುವ ಸಾಧ್ಯತೆ ಹೆಚ್ಚು, ಆಮೇಲೆ ಎದೆ ಎಕ್ಸ್‌ರೇ ತಲೆನೋವು. ರಕ್ತಪರೀಕ್ಷೆಯನ್ನೇ ಕೇಳಿ. ಅದನ್ನೂ ಎಂಎಂಆರ್ ಚುಚ್ಚಿಸುವ ದಿನವೇ ಮಾಡಿಸಿ. ಆ ದಿನ ತಪ್ಪಿದರೆ 4 ವಾರ ಕಾಯಬೇಕು, ಯಾಕೆಂದರೆ ಜೀವಂತ ವೈರಸ್ಸಿನ ಲಸಿಕೆ ಪರೀಕ್ಷೆಯ ಫಲಿತಾಂಶವನ್ನು ಮಂಕುಮಾಡಬಹುದು. ಆಗಸ್ಟಿನಲ್ಲಿ ಆ 4 ವಾರ ಅಂದರೆ ಶಾಲೆಯ ಮೊದಲ ತಿಂಗಳೇ ಹೋಯಿತು.

ಅಡ್ಮಿಷನ್ ಅರ್ಜಿಯಲ್ಲಿ ಮನೆಮಾತು ಯಾವುದೆಂದು ಕೇಳುತ್ತಾರೆ. ಕನ್ನಡವೆಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆಂದು ಹೆದರಿ "ಇಂಗ್ಲಿಷ್" ಎಂದು ಬರೆಯುವವರಿದ್ದಾರೆ. 2024ರ ಕಾನೂನಿನ ಪ್ರಕಾರ ಟಿಕೆಯಲ್ಲಿ ಆ ಪರೀಕ್ಷೆಯೇ ಇಲ್ಲ, ಅದು ಬರುವುದು ಕಿಂಡರ್‌ಗಾರ್ಟನ್‌ನಲ್ಲಿ. ಮಗುವಿಗೆ ಮಾತು ತಡವಾಗಿದೆ ಎಂಬ ಸಂಶಯ ಮುಂದೆ ಬಂದರೆ ಡಿಸ್ಟ್ರಿಕ್ಟ್ ಪುಕ್ಕಟೆಯಾಗಿ ಪರೀಕ್ಷಿಸುತ್ತದೆ, ಮನೆಮಾತನ್ನೂ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ. ಅರ್ಜಿಯಲ್ಲಿ ಕನ್ನಡವೆಂದು ಇಲ್ಲದಿದ್ದರೆ ಆ ಪರೀಕ್ಷೆ ಇಂಗ್ಲಿಷಿನಲ್ಲೇ ಮುಗಿದುಹೋಗಬಹುದು. ಮನೆಯಲ್ಲಿ ಅಜ್ಜಿಯ ಜೊತೆ ಇಡೀ ದಿನ ಹರಟುವ ಮಗು ಕಾಗದದ ಮೇಲೆ ಮಾತು ಬಾರದ ಮಗುವಾಗುತ್ತದೆ.