ಮೆಕ್ಕೆಜೋಳದ ಮಾಸ್ಕ್, ಖಾರದಪುಡಿ ಗಿರಣಿಯಲ್ಲಿ

ನಮ್ಮ ಗಿರಣಿಯಲ್ಲಿ ಮಾಸ್ಕ್ ಇಲ್ಲದಿದ್ದರೆ ಸೀನು ನಿಲ್ಲುವುದಿಲ್ಲ. ಮಾಮೂಲಿ ಮಾಸ್ಕ್ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ ಅಲ್ವಾ. ಅದಕ್ಕೇ ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಎಂಬ ಜೈವಿಕ ಪ್ಲಾಸ್ಟಿಕ್ ಬಟ್ಟೆಯ ಮಾಸ್ಕ್ ತರಿಸಿದೆ. ಮೆತ್ತಗಿದೆ, ಉಸಿರು ಕಟ್ಟುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬೀಸಿದ ದಿನ ಸಂಜೆ ಬಿಚ್ಚಿ ನೋಡಿದರೆ ಹೊರಪದರ ಪೂರ್ತಿ ಕೆಂಪು, ಒಳಗಡೆ ಬೆಳ್ಳಗೇ ಇತ್ತು. ಬೆವರಿದರೆ ಮಾತ್ರ ಮೂಗಿನ ಹತ್ತಿರ ಸಡಿಲವಾಗುತ್ತದೆ.

‘ಮಣ್ಣಲ್ಲಿ ಕರಗುತ್ತದೆ’ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ಪಿಎಲ್‌ಎ ಬೇಗ ಕೊಳೆಯಲು ಸುಮಾರು 60 ಡಿಗ್ರಿ ಬಿಸಿ ಬೇಕು. ಅದು ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಸಿಗುತ್ತದೆ, ಹಿತ್ತಲ ಗುಂಡಿಯಲ್ಲಿ ಎಲ್ಲಿಂದ ಬರಬೇಕು? ಮೂಗಿನ ತಂತಿ, ಕಿವಿಯ ಎಲಾಸ್ಟಿಕ್ ಬೇರೆ ಕತ್ತರಿಸಿ ತೆಗೆಯಬೇಕು. ಬೆಲೆಯೂ ಜಾಸ್ತಿ.

ಸದ್ಯಕ್ಕೆ ಮೂರು ಸ್ಟಾರ್. ಎಲಾಸ್ಟಿಕ್ ಬದಲು ಹತ್ತಿಯ ಲಾಡಿ ಹೊಲಿದು ಕೊಟ್ಟರೆ ನಾಲ್ಕು.